ಕಂಪ್ಯೂಟರ್ ಆಟಗಳಿಗಾಗಿ ಪರದೆಯ ಬ್ರೈಟ್‌ನೆಸ್ ಮತ್ತು ಗಾಮಾ ಹೊಂದಿಸುವ ಕ್ರಮ

ಆಟದಲ್ಲಿ ಗುಹೆಯೋ ರಾತ್ರಿಯ ಕಾಡೋ ಎದುರಾಗಿ ದಾರಿಯೇ ಕಾಣದಂತಾದಾಗ, ಹೆಚ್ಚಿನವರು ಮೆನು ತೆರೆದು ಗಾಮಾ ಸ್ಲೈಡರನ್ನು ಬಲಕ್ಕೆ ಎಳೆಯುತ್ತಾರೆ. ಕತ್ತಲಲ್ಲಿದ್ದುದು ಆಗ ಕಾಣುತ್ತದೆ, ನಿಜ. ಆದರೆ ಕಪ್ಪು ಬೂದುಬಣ್ಣಕ್ಕೆ ತಿರುಗಿ, ಹಗಲಿನ ದೃಶ್ಯಗಳು ಬಿಳಿಚಿಕೊಂಡು, ಕಲಾವಿದರು ಕಾಳಜಿಯಿಂದ ರೂಪಿಸಿದ ನೆರಳು ಬೆಳಕಿನ ಆಳವೇ ಇಲ್ಲವಾಗುತ್ತದೆ. ಆಟದೊಳಗಿನ ಸ್ಲೈಡರನ್ನು ಮುಟ್ಟುವುದು ಕೊನೆಯ ಹೆಜ್ಜೆಯಾಗಿರಬೇಕು. ಅದಕ್ಕೂ ಮೊದಲು ಕೋಣೆಯ ಬೆಳಕು, ಬಳಿಕ ಮಾನಿಟರ್, ಆಮೇಲೆ ಕಂಪ್ಯೂಟರಿನಿಂದ ಮಾನಿಟರಿಗೆ ಹೋಗುವ ಸಂಕೇತ, ಈ ಕ್ರಮದಲ್ಲಿ ಒಂದೊಂದನ್ನೇ ಸರಿಪಡಿಸಿಕೊಂಡು ಬಂದರೆ, ಎಷ್ಟೋ ಆಟಗಳಲ್ಲಿ ಸ್ಲೈಡರನ್ನು ಇದ್ದಲ್ಲಿಂದ ಕದಲಿಸುವ ಅಗತ್ಯವೇ ಬೀಳುವುದಿಲ್ಲ.

ಬ್ರೈಟ್‌ನೆಸ್ ಮತ್ತು ಗಾಮಾ ಒಂದೇ ಕೆಲಸ ಮಾಡುತ್ತವೆಂಬ ತಿಳಿವಳಿಕೆಯೇ ಬಹುಪಾಲು ಗೊಂದಲಕ್ಕೆ ಮೂಲ. ಎಲ್‌ಸಿಡಿ ಮಾನಿಟರಿನ ಬ್ರೈಟ್‌ನೆಸ್ ಗುಂಡಿ ನಿಯಂತ್ರಿಸುವುದು ಹಿಂಬದಿಯ ದೀಪವನ್ನು, ಅಂದರೆ ಬ್ಯಾಕ್‌ಲೈಟನ್ನು. ಅದನ್ನು ಏರಿಸಿದರೆ ಕಪ್ಪು, ಬಿಳುಪು, ನಡುವಿನ ಛಾಯೆಗಳು ಎಲ್ಲವೂ ಒಟ್ಟಿಗೆ ಬೆಳಗುತ್ತವೆ. ಕಾಂಟ್ರಾಸ್ಟ್ ಮುಖ್ಯವಾಗಿ ಬಿಳಿಯ ತುದಿಯನ್ನು ಎಳೆಯುತ್ತದೆ. ಗಾಮಾ ಎರಡೂ ತುದಿಗಳನ್ನು ಇದ್ದಲ್ಲೇ ಬಿಟ್ಟು, ನಡುವಿನ ಛಾಯೆಗಳನ್ನು ಮಾತ್ರ ಮೇಲಕ್ಕೆ ಅಥವಾ ಕೆಳಕ್ಕೆ ಬಾಗಿಸುತ್ತದೆ. ಚಿತ್ರದ ಪ್ರತಿ ಬಿಂದುವಿಗೂ 0ಯಿಂದ 255ರವರೆಗಿನ ಮೌಲ್ಯವಿರುತ್ತದೆ. ನಡುವಿನದಾದ 128 ಅರ್ಧ ಬೆಳಕನ್ನು ಕೊಡಬೇಕೆಂದು ಅನ್ನಿಸಿದರೂ, 2.2 ಗಾಮಾ ಇರುವ ಪರದೆಯಲ್ಲಿ ಅದು ಪೂರ್ಣ ಬಿಳುಪಿನ ಶೇಕಡಾ 22ರಷ್ಟು ಬೆಳಕನ್ನಷ್ಟೇ ಹೊಮ್ಮಿಸುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರುಗಳ ಬೆಳಕು ವೋಲ್ಟೇಜಿಗೆ ನೇರ ಅನುಪಾತದಲ್ಲಿ ಏರುತ್ತಿರಲಿಲ್ಲ, ಹೀಗೆಯೇ ಬಾಗಿದ ರೇಖೆಯಲ್ಲಿ ಏರುತ್ತಿತ್ತು. ನಮ್ಮ ಕಣ್ಣು ಕಡು ಛಾಯೆಗಳ ಸಣ್ಣ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸುವುದರಿಂದ ಆ ಬಾಗು ಅನುಕೂಲಕರವೂ ಆಯಿತು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಪ್ರಸ್ತಾಪಿಸಿ 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾದ, ಪರದೆಯ ಬಣ್ಣಗಳನ್ನು ನಿರೂಪಿಸುವ ಎಸ್‌ಆರ್‌ಜಿಬಿ ಸರಿಸುಮಾರು ಇದೇ 2.2ನ್ನು ಆಧರಿಸಿದೆ. ಸಾಮಾನ್ಯ ಆಟಗಳ ಚಿತ್ರವೂ ಇದನ್ನೇ ನಂಬಿ ತಯಾರಾಗುವುದರಿಂದ, ನಮ್ಮ ಪರದೆಯನ್ನು ಈ ರೇಖೆಯ ಹತ್ತಿರಕ್ಕೆ ತರುವುದೇ ಹೊಂದಾಣಿಕೆಯ ಗುರಿ.

ಕೋಣೆಯ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪವೇ. ಕಿಟಕಿಯಾಗಲಿ ದೀಪವಾಗಲಿ ಪರದೆಯ ಮೇಲೆ ಪ್ರತಿಫಲಿಸಬಾರದು, ಏಕೆಂದರೆ ಪ್ರತಿಫಲಿಸಿದ ಬೆಳಕಿನ ಕೆಳಗೆ ಹೂತುಹೋದ ಕಡು ಛಾಯೆಗಳನ್ನು ಯಾವ ಸ್ಲೈಡರೂ ಮೇಲೆತ್ತಲಾರದು. ಮಾನಿಟರಿನ ಹಿಂದಿನ ಗೋಡೆಯ ಮೇಲೆ ಬೀಳುವ ಮಂದ ಬೆಳಕು ಕಣ್ಣಿಗೆ ಹಿತ. ನೀವು ಆಡುವ ಹೊತ್ತಿನ ಬೆಳಕಿನಲ್ಲಿಯೇ, ಮಾನಿಟರ್ ಅರ್ಧ ಗಂಟೆ ಚಾಲೂ ಇದ್ದ ಬಳಿಕ, ಪರದೆಗೆ ನೇರವಾಗಿ ಕುಳಿತು ಮುಂದಿನ ಕೆಲಸ ಆರಂಭಿಸಿ. ನೇರವಾಗಿ ಕುಳಿತುಕೊಳ್ಳುವುದು ಇಲ್ಲಿ ಬಹಳ ಮುಖ್ಯ: ಟಿಎನ್ ಎಂಬ ಬಗೆಯ ಎಲ್‌ಸಿಡಿ ಪರದೆಗಳಲ್ಲಿ ತಲೆಯನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿದರೂ ಗಾಮಾ ಬದಲಾದಂತೆ ಕಾಣುತ್ತದೆ, ವಿಎ ಎಂಬ ಇನ್ನೊಂದು ಬಗೆಯ ಪರದೆಗಳಲ್ಲೂ ನೋಡುವ ಕೋನಕ್ಕೆ ತಕ್ಕಂತೆ ಕಡು ಛಾಯೆಗಳು ಬದಲಾಗುತ್ತವೆ.

ಈಗ ಮಾನಿಟರಿನ ಮೆನು ತೆರೆಯಿರಿ. ಡೈನಾಮಿಕ್ ಕಾಂಟ್ರಾಸ್ಟ್, ಇಕೋ ಮೋಡ್, ಬೆಳಕಿನ ಸೆನ್ಸರ್ ಇವುಗಳನ್ನು ಆಫ್ ಮಾಡಿ. ಕಂಪ್ಯೂಟರಿನಲ್ಲಿ ನೈಟ್ ಲೈಟನ್ನೂ, ಲ್ಯಾಪ್‌ಟಾಪ್ ಆಗಿದ್ದರೆ ದೃಶ್ಯಕ್ಕೆ ತಕ್ಕಂತೆ ತಾನಾಗಿಯೇ ಬೆಳಕನ್ನು ಏರಿಳಿಸುವ ಆಯ್ಕೆಯನ್ನೂ ನಿಲ್ಲಿಸಿ. ಇವು ಚಾಲೂ ಇರುವವರೆಗೆ ನೀವು ಹೊಂದಿಸಿದ್ದು ನಿಂತಲ್ಲಿ ನಿಲ್ಲುವುದಿಲ್ಲ. ಪಿಕ್ಚರ್ ಮೋಡ್ ಸ್ಟ್ಯಾಂಡರ್ಡ್ ಅಥವಾ ಎಸ್‌ಆರ್‌ಜಿಬಿ ಆಗಿರಲಿ. ಎಫ್‌ಪಿಎಸ್ (ಶೂಟಿಂಗ್ ಆಟಗಳಿಗಾಗಿ ಇರುವುದು) ಮುಂತಾದ ಹೆಸರಿನ ಮೋಡ್‌ಗಳು ಸಾಮಾನ್ಯವಾಗಿ ನೆರಳುಗಳನ್ನು ಮೊದಲೇ ಮೇಲೆತ್ತಿರುತ್ತವೆ. ಗಾಮಾ ಆಯ್ಕೆ ಇದ್ದರೆ 2.2ಕ್ಕೆ ಇಡಿ, ಕಾಂಟ್ರಾಸ್ಟನ್ನು ಕಾರ್ಖಾನೆಯ ಮೌಲ್ಯದಲ್ಲೇ ಬಿಡಿ. ಬ್ರೈಟ್‌ನೆಸ್ ಅಳೆಯಲು ಉಪಕರಣವಿಲ್ಲದಿದ್ದರೆ, ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು ಪಕ್ಕದಲ್ಲೊಂದು ಬಿಳಿ ಕಾಗದ ಹಿಡಿಯಿರಿ. ಪರದೆ ದೀಪದಂತೆ ಹೊಳೆಯುತ್ತಿದ್ದರೆ ಇಳಿಸಿ, ಕಾಗದದ ಮುಂದೆ ಮಾಸಿದಂತೆ ಕಂಡರೆ ಏರಿಸಿ. ಉಪಕರಣ ಇರುವವರು ಸಾಮಾನ್ಯ ಬೆಳಕಿನ ಕೋಣೆಗೆ 100ರಿಂದ 120 ನಿಟ್ (ಪರದೆಯ ಬೆಳಕನ್ನು ಅಳೆಯುವ ಮಾನ) ಇಟ್ಟುಕೊಳ್ಳಬಹುದು. ಗ್ರಾಫಿಕ್ಸ್ ಕಾರ್ಡಿನ ನಿಯಂತ್ರಣ ಫಲಕದಲ್ಲಿಯೂ ಬ್ರೈಟ್‌ನೆಸ್ ಎಂಬ ಆಯ್ಕೆ ಇರುತ್ತದೆ, ಆದರೆ ಅದು ದೀಪವನ್ನು ಮುಟ್ಟದೆ ಸಂಕೇತದ ಮೌಲ್ಯಗಳನ್ನು ಮಾತ್ರ ತಿದ್ದುವುದರಿಂದ ಅದನ್ನು ಮೂಲ ಸ್ಥಿತಿಯಲ್ಲಿ ಇಡುವುದೇ ಸರಿ.

ಮಾನಿಟರ್ ನಿಜವಾಗಿಯೂ 2.2ರ ಹತ್ತಿರವಿದೆಯೇ ಎಂದು ತಿಳಿಯಲು ಒಂದು ಪರೀಕ್ಷಾ ಚಿತ್ರವನ್ನು ನೀವೇ ಮಾಡಿಕೊಳ್ಳಬಹುದು. ಯಾವುದೇ ಚಿತ್ರ ಸಂಪಾದನೆಯ ತಂತ್ರಾಂಶದಲ್ಲಿ ಒಂದು ಪಿಕ್ಸೆಲ್ ದಪ್ಪದ ಕಪ್ಪು ಮತ್ತು ಬಿಳಿ ಅಡ್ಡಗೆರೆಗಳನ್ನು ಒಂದರ ಕೆಳಗೊಂದು ಬರುವಂತೆ ತುಂಬಿ, ಅದರ ನಡುವೆ 186 ಮೌಲ್ಯದ ಬೂದು ಚೌಕವೊಂದನ್ನು ಇರಿಸಿ, ಪಿಎನ್‌ಜಿ ಕಡತವಾಗಿ ಉಳಿಸಿ. ಪರದೆಯನ್ನು ಅದರ ಮೂಲ ರೆಸಲ್ಯೂಷನ್‌ನಲ್ಲಿಟ್ಟು ಚಿತ್ರವನ್ನು ನೂರಕ್ಕೆ ನೂರು ಗಾತ್ರದಲ್ಲಿ ತೆರೆದು, ಒಂದೆರಡು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿ. ಗೆರೆಗಳು ಬೆರೆತು ಅರ್ಧ ಬೆಳಕಿನ ಒಂದೇ ಬಣ್ಣವಾಗಿ ಕಾಣುತ್ತವೆ, 2.2 ಗಾಮಾದಲ್ಲಿ ಅರ್ಧ ಬೆಳಕು ಕೊಡುವ ಮೌಲ್ಯವೂ 186. ಹಾಗಾಗಿ ಚೌಕ ಗೆರೆಗಳಲ್ಲಿ ಕರಗಿಹೋದಂತೆ ಕಂಡರೆ ಪರದೆ ಸರಿಯಾಗಿದೆ. ಚೌಕವೇ ಹೆಚ್ಚು ಬೆಳಗಿದರೆ ಗಾಮಾ 2.2ಕ್ಕಿಂತ ಕಡಿಮೆ, ಕಂದಿದರೆ ಹೆಚ್ಚು. ವ್ಯತ್ಯಾಸ ಕಂಡಾಗ ಮೊದಲು ಮಾನಿಟರಿನ ಮೆನುವಿನಲ್ಲಿ, ಅಲ್ಲಿ ಆಗದಿದ್ದರೆ ವಿಂಡೋಸ್ ಜೊತೆಗೇ ಬರುವ ಡಿಸ್‌ಪ್ಲೇ ಕಲರ್ ಕ್ಯಾಲಿಬ್ರೇಷನ್ ಮೂಲಕ ತಿದ್ದಿ.

ಇನ್ನೊಂದು ಚಿತ್ರ ಕಪ್ಪಿನ ತುದಿಗಾಗಿ: ಅಪ್ಪಟ ಕಪ್ಪು ಹಿನ್ನೆಲೆಯ ಮೇಲೆ 4, 8, 12, 16, 20 ಮೌಲ್ಯದ ಚೌಕಗಳು. ಮಂದ ಬೆಳಕಿನಲ್ಲಿ ಮೊದಲನೆಯದು ಇದೆಯೋ ಇಲ್ಲವೋ ಎಂಬಂತೆಯೂ ಉಳಿದವು ಕ್ರಮವಾಗಿ ಸ್ಪಷ್ಟವಾಗುತ್ತಲೂ ಹೋಗಬೇಕು. 16ರವರೆಗಿನ ಎಲ್ಲ ಚೌಕಗಳೂ ಕಪ್ಪಿನಲ್ಲಿ ಮುಳುಗಿಹೋಗಿದ್ದರೆ ಅದು ಗಾಮಾದ ತೊಂದರೆಯಲ್ಲ. ಟಿವಿ ಸಂಕೇತದಲ್ಲಿ ಕಪ್ಪು 16ರಿಂದ ಆರಂಭವಾಗಿ ಬಿಳುಪು 235ಕ್ಕೆ ಮುಗಿಯುತ್ತದೆ. ಕಂಪ್ಯೂಟರ್ 0ಯಿಂದ 255ರ ಪೂರ್ಣ ವ್ಯಾಪ್ತಿಯನ್ನು ಕಳಿಸುವಾಗ ಪರದೆ ಸೀಮಿತ ವ್ಯಾಪ್ತಿಯನ್ನು ನಿರೀಕ್ಷಿಸುತ್ತಿದ್ದರೆ ನೆರಳುಗಳು ಹೀಗೆ ಹೂತುಹೋಗುತ್ತವೆ, ಇದರ ವಿರುದ್ಧವಾದಾಗ ಕಪ್ಪೆಲ್ಲ ಬೂದಾಗುತ್ತದೆ. ಎಚ್‌ಡಿಎಂಐ ಮೂಲಕ ಟಿವಿಗೆ ಜೋಡಿಸಿ ಆಡುವವರು ಇದನ್ನು ಪರೀಕ್ಷಿಸದೆ ಮುಂದೆ ಹೋಗಲೇಬಾರದು, ಏಕೆಂದರೆ ಈ ದೋಷವನ್ನು ಸ್ಲೈಡರಿನಿಂದ ಮುಚ್ಚಲು ಹೊರಟರೆ ಪ್ರತಿಯೊಂದು ಆಟದಲ್ಲೂ ಹೊಸದಾಗಿ ಹೆಣಗಬೇಕಾಗುತ್ತದೆ. ಎನ್ವಿಡಿಯಾ ನಿಯಂತ್ರಣ ಫಲಕದಲ್ಲಿ ರೆಸಲ್ಯೂಷನ್ ಬದಲಿಸುವ ಪುಟದ ಔಟ್‌ಪುಟ್ ಡೈನಾಮಿಕ್ ರೇಂಜ್ ಎಂಬಲ್ಲಿ, ಎಎಮ್‌ಡಿಯಲ್ಲಿ ಪಿಕ್ಸೆಲ್ ಫಾರ್ಮ್ಯಾಟ್ ಎಂಬಲ್ಲಿ ಫುಲ್ ಆಯ್ಕೆ ಮಾಡಿ, ಪರದೆಯ ಮೆನುವಿನಲ್ಲೂ ಅದಕ್ಕೆ ಹೊಂದುವ ಆಯ್ಕೆಯನ್ನು ಇರಿಸಿ.

ಇಷ್ಟಾದ ಮೇಲೆ ಆಟಕ್ಕೆ ಬನ್ನಿ. ಹಲವು ಆಟಗಳು ಆರಂಭದಲ್ಲೇ ಕಪ್ಪು ಹಿನ್ನೆಲೆಯ ಮೇಲೊಂದು ಚಿಹ್ನೆ ತೋರಿಸಿ, ಅದು ಕಂಡೂ ಕಾಣದಂತಾಗುವವರೆಗೆ ಸ್ಲೈಡರ್ ಸರಿಸಲು ಹೇಳುತ್ತವೆ. ಆ ಸೂಚನೆಯನ್ನು ಅಕ್ಷರಶಃ ಪಾಲಿಸಿ: ಚಿಹ್ನೆ ಸ್ಪಷ್ಟವಾಗಿ ಕಂಡ ಮೇಲೂ ಇನ್ನಷ್ಟು ಎಳೆಯುವ ಆಸೆ ಬೇಡ. ಬ್ರೈಟ್‌ನೆಸ್ ಮತ್ತು ಗಾಮಾ ಎರಡೂ ಪ್ರತ್ಯೇಕವಾಗಿದ್ದರೆ ಬ್ರೈಟ್‌ನೆಸನ್ನು ನಡುವಿನಲ್ಲೇ ಬಿಟ್ಟು ಗಾಮಾವನ್ನು ಒಂದೊಂದೇ ಮೆಟ್ಟಿಲು ಬದಲಿಸಿ. ಸಂಖ್ಯೆ ಏರಿದರೆ ಚಿತ್ರ ಬೆಳಗುತ್ತದೆಯೋ ಕಂದುತ್ತದೆಯೋ ಎಂಬುದು ಎಲ್ಲ ಆಟಗಳಲ್ಲೂ ಒಂದೇ ಆಗಿರುವುದಿಲ್ಲ, ಅದನ್ನು ಕಣ್ಣಿನಿಂದಲೇ ತಿಳಿಯಬೇಕು. ನಂತರ ಆಟದ ಕತ್ತಲೆಯ ಒಂದು ಜಾಗಕ್ಕೂ ಬಿಸಿಲಿನ ಒಂದು ಜಾಗಕ್ಕೂ ಹೋಗಿ ನೋಡಿ. ಕತ್ತಲಲ್ಲಿ ಗೋಡೆಯ ಒರಟುತನ ಗುರುತಾಗಬೇಕು, ಬಿಸಿಲಿನಲ್ಲಿ ಮೋಡದ ಅಂಚುಗಳು ಉಳಿದಿರಬೇಕು. ಕಣ್ಣು ಕತ್ತಲೆಗೆ ಒಗ್ಗಲು ಸಮಯ ಬೇಕಾದುದರಿಂದ, ಕೆಲವು ನಿಮಿಷ ಆಡದೆ ಮತ್ತೆ ತಿದ್ದಲು ಹೋಗಬೇಡಿ. ಸ್ಪರ್ಧಾತ್ಮಕ ಶೂಟಿಂಗ್ ಆಟಗಳಲ್ಲಿ ಮೂಲೆಯಲ್ಲಿ ಅಡಗಿದ ಎದುರಾಳಿ ಕಾಣಲೆಂದು ನೆರಳನ್ನು ಎತ್ತಿಕೊಳ್ಳುವುದು ನ್ಯಾಯವೇ. ಅದಕ್ಕೆ ಮಾನಿಟರಿನ ಬೇರೊಂದು ಪ್ರೊಫೈಲಿನಲ್ಲಿ ಬ್ಲ್ಯಾಕ್ ಈಕ್ವಲೈಸರ್‌ನಂಥ ಆಯ್ಕೆಯನ್ನು ಬಳಸಿ. ಭಯ ಹುಟ್ಟಿಸುವ ಆಟಗಳನ್ನು ಮಾತ್ರ ಅವುಗಳ ಕತ್ತಲೆಯಲ್ಲಿಯೇ ಆಡಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಹಳೆಯ ಆಟಗಳದು ಬೇರೆ ಸಮಸ್ಯೆ. 1993ರ ಡೂಮ್ ಆಟದಲ್ಲಿ ಎಫ್11 ಒತ್ತಿದರೆ ಸಾಕು, ಗಾಮಾ ಬದಲಾಗುತ್ತಿತ್ತು. ಆದರೆ ನಂತರದ ಅನೇಕ ಆಟಗಳು, ಇಡೀ ಪರದೆಯ ಛಾಯೆಗಳನ್ನು ನಿರ್ಧರಿಸುವ ಗ್ರಾಫಿಕ್ಸ್ ಕಾರ್ಡಿನ ಗಾಮಾ ಪಟ್ಟಿಯನ್ನೇ ತಿದ್ದುತ್ತವೆ. ಇಂಥವು ವಿಂಡೋದಲ್ಲಿ ತೆರೆದಾಗ ಸ್ಲೈಡರ್ ಕೆಲಸ ಮಾಡದಿರಬಹುದು, ಆಟ ಅರ್ಧದಲ್ಲೇ ಕುಸಿದರೆ ಡೆಸ್ಕ್‌ಟಾಪ್ ಕೂಡ ಬಿಳಿಚಿಕೊಂಡೇ ಉಳಿಯಬಹುದು. ಪೂರ್ಣ ಪರದೆಯಲ್ಲಿ ಆಡುವುದು ಮೊದಲನೆಯದಕ್ಕೂ, ಕಂಪ್ಯೂಟರನ್ನು ಮರುಪ್ರಾರಂಭಿಸುವುದು ಎರಡನೆಯದಕ್ಕೂ ಪರಿಹಾರ.

ಕತ್ತಲೆ ಬೆಳಕುಗಳ ನಡುವಿನ ಅಂತರವನ್ನು ಇನ್ನೂ ಹೆಚ್ಚಾಗಿ ತೋರಿಸುವ ಎಚ್‌ಡಿಆರ್‌ನಲ್ಲಿ 2.2ರ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಬಳಕೆಯಲ್ಲಿರುವ ಪಿಕ್ಯೂ ರೇಖೆ ಪ್ರತಿ ಮೌಲ್ಯಕ್ಕೂ ಇಂತಿಷ್ಟು ನಿಟ್ ಎಂದು ನಿಗದಿ ಮಾಡುತ್ತದೆ, ಅದರ ಮಿತಿ 10,000 ನಿಟ್. ಆದ್ದರಿಂದ ಗರಿಷ್ಠ ಬೆಳಕು ಮತ್ತು ಪೇಪರ್ ವೈಟ್ (ಸಾಮಾನ್ಯ ಬಿಳುಪು ಎಷ್ಟು ಬೆಳಗಬೇಕು ಎಂಬುದು) ಎಂಬ ಆಯ್ಕೆಗಳು ಮುಖ್ಯವಾಗುತ್ತವೆ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್‌ನ ಎಚ್‌ಡಿಆರ್ ಕ್ಯಾಲಿಬ್ರೇಷನ್ ಆ್ಯಪನ್ನು ಮೊದಲು ಓಡಿಸಿ, ಪರೀಕ್ಷಾ ಆಕೃತಿ ಆಗತಾನೆ ಮಾಯವಾಗುವ ಬಿಂದುವಿನಲ್ಲಿ ಗರಿಷ್ಠ ಬೆಳಕನ್ನು ನಿಲ್ಲಿಸಿ, ಪೇಪರ್ ವೈಟನ್ನು 200 ನಿಟ್ ಆಸುಪಾಸಿನಿಂದ ಆರಂಭಿಸಿ ಕೋಣೆಗೆ ತಕ್ಕಂತೆ ಬದಲಿಸಿ.

ಎಲ್ಲವನ್ನೂ ಮಾಡಿದ ಮೇಲೂ ಯಾವುದೋ ಒಂದು ಆಟ ಕತ್ತಲೆಯಾಗಿಯೇ ಕಂಡರೆ, ಎಚ್‌ಡಿಆರ್ ಆಫ್ ಮಾಡಿ ಆ ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು, ಚೆನ್ನಾಗಿ ಹೊಂದಿಸಿದ ಬೇರೊಂದು ಪರದೆಯಲ್ಲಿ ತೆರೆಯಿರಿ. ಮಾನಿಟರಿನ ಹೊಂದಾಣಿಕೆಯಾಗಲಿ ಗ್ರಾಫಿಕ್ಸ್ ಕಾರ್ಡಿನ ಗಾಮಾ ಪಟ್ಟಿಯಾಗಲಿ ಸ್ಕ್ರೀನ್‌ಶಾಟಿನಲ್ಲಿ ಸೇರುವುದಿಲ್ಲ. ಆದ್ದರಿಂದ ಅಲ್ಲಿ ನೆರಳುಗಳು ಸರಿಯಾಗಿ ಕಂಡರೆ ನಿಮ್ಮ ಪರದೆಯನ್ನೋ ಸಂಕೇತದ ವ್ಯಾಪ್ತಿಯನ್ನೋ ಮತ್ತೆ ಪರೀಕ್ಷಿಸಬೇಕು. ಅಲ್ಲಿಯೂ ಅಷ್ಟೇ ಕತ್ತಲೆಯಾಗಿದ್ದರೆ ಆ ಆಟದ ಸ್ಲೈಡರನ್ನು ನಿಶ್ಚಿಂತೆಯಿಂದ ಏರಿಸಬಹುದು.