ವಿಲ್ಲಿಸ್ ಜೀಪಿನ ಒಳತುಕ್ಕು: ಮೊದಲು ನೀರಿಗೆ ದಾರಿ, ಆಮೇಲೆ ವ್ಯಾಕ್ಸ್

ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಎಂಬಿ ಜೀಪನ್ನು ಕೊಡಗಿನ ಮಳೆಯಲ್ಲಿ ಉಳಿಸಿಕೊಳ್ಳಬೇಕಾದರೆ ಹೊರಗಿನ ಹಸಿರು ಬಣ್ಣವನ್ನು ನಂಬಬೇಡಿ. ಬಣ್ಣ ಉಬ್ಬಿ ಕಾಣಿಸುವ ಹೊತ್ತಿಗೆ ಒಳಗಿನಿಂದ ತಗಡು ಅರ್ಧ ಹೋಗಿರುತ್ತದೆ.

ನಾನು ಶುರು ಮಾಡಿದ್ದು ತಳದಿಂದ. ನೆಲದ ತಗಡಿನ ಅಡಿಯಲ್ಲಿ ನೆಲಕ್ಕೆ ಬಲ ಕೊಡುವ, ಟೋಪಿ ಆಕಾರದ ಟೊಳ್ಳು ಚಾನೆಲ್‌ಗಳಿವೆ. ಕಾರ್ಖಾನೆಯಲ್ಲೇ ಅವುಗಳೊಳಗೆ ಮರದ ಪಟ್ಟಿ ಇಟ್ಟಿದ್ದರು. ಮರ ನೀರು ಕುಡಿದು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಚಾನೆಲ್ ಉದ್ದಕ್ಕೂ ತಟ್ಟುತ್ತಾ ಹೋದರೆ, ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದ ಜಾಗ ದಬ್ ಎನ್ನುತ್ತದೆ. ಅಂಥ ಒಂದು ಕಡೆ ತುದಿ ಬಿಡಿಸಿದಾಗ ಹೊರಬಂದದ್ದು ಮರವಲ್ಲ, ನೆನೆದ ಕಾಫಿ ಚರಟದಂಥ ಕಪ್ಪು ಪುಡಿ, ಅದರ ಜೊತೆ ಪದರ ಪದರವಾದ ತುಕ್ಕು. ಉದ್ದನೆಯ ಪಟ್ಟಿಯನ್ನು ಮತ್ತೆ ಹಾಕಲಿಲ್ಲ. ಬೋಲ್ಟ್ ಬಿಗಿದಾಗ ಚಾನೆಲ್ ನಜ್ಜುಗುಜ್ಜಾಗಬಾರದೆಂದು ಬೋಲ್ಟ್ ಬರುವ ಕಡೆ ಮಾತ್ರ ಅಗಸೆ ಎಣ್ಣೆಯಲ್ಲಿ ನೆನೆಸಿದ ತೇಗದ ಸಣ್ಣ ತುಂಡು ಕೂರಿಸಿದೆ. ಉಳಿದ ಜಾಗದಲ್ಲಿ ಗಾಳಿ ಆಡಬೇಕು. ಇಲ್ಲಿ ಟಿಂಕರಿಂಗ್ ಆದ ಬಾಡಿಗಳಲ್ಲಿ ಮರ ಇರದಿದ್ದರೂ ಚಾನೆಲ್‌ನ ಎರಡೂ ತುದಿಗಳನ್ನು ವೆಲ್ಡ್ ಮಾಡಿ ಮುಚ್ಚಿರುತ್ತಾರೆ. ಅದು ಇನ್ನೂ ಕೆಟ್ಟದ್ದು, ತುದಿ ತೆರೆಯಲೇಬೇಕು.

ಡ್ರೈವರ್ ಸೀಟಿನ ಕೆಳಗೆ ಪೆಟ್ರೋಲ್ ಟ್ಯಾಂಕ್ ಕೂರುವ ಗುಂಡಿ ಎರಡನೇ ಜಾಗ. ಅದರ ತಳದ ತೂತು ಕೆಸರಿನಿಂದ ಮುಚ್ಚಿದರೆ ಟ್ಯಾಂಕ್ ನೀರಿನಲ್ಲೇ ಕೂತಿರುತ್ತದೆ. ಟ್ಯಾಂಕ್ ಬಿಚ್ಚಿ ದೂರ ಇಟ್ಟು, ಬ್ಯಾಟರಿ ತೆಗೆದ ಮೇಲಷ್ಟೇ ಡ್ರಿಲ್ ಹಿಡಿಯಿರಿ. ಮುಂದಿನ ಬಂಪರ್ ಒಳಗಿನ ಮರ, ಹಿಂದಿನ ಟೂಲ್ ಬಾಕ್ಸ್ ಮೂಲೆಗಳು, ಚಾಸಿಯಲ್ಲಿ ಪೆಟ್ಟಿಗೆಯಂತೆ ಮುಚ್ಚಿದ ಭಾಗಗಳು, ಇವನ್ನೂ ನೋಡಬೇಕು. ಚಾಸಿಗೆ ಎಲ್ಲೂ ಹೊಸ ತೂತು ಕೊರೆಯಲಿಲ್ಲ. ಇದ್ದ ತೂತುಗಳಿಂದಲೇ ಕೆಲಸ ನಡೆಸಿದೆ.

ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಸರಿಯಾದ ಕಾಲ. ಒಳಗಿನ ಕೆಸರು ಪ್ರೆಶರ್ ನೀರಿನಲ್ಲಿ ತೊಳೆದು, ಕಂಪ್ರೆಸರ್ ಗಾಳಿ ಹೊಡೆದು, ಮೂರು ದಿನ ಬಿಸಿಲಿನಲ್ಲಿ ನಿಲ್ಲಿಸಿದೆ. ಎಳೆದರೆ ಏಳುವ ತುಕ್ಕನ್ನು ಕೆರೆದು ತೆಗೆಯಲೇಬೇಕು. ಫಾಸ್ಫಾರಿಕ್ ಆಸಿಡ್ ಇರುವ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರವ) ಹಿಡಿಯುವುದು ಗಟ್ಟಿಯಾಗಿ ಅಂಟಿಕೊಂಡ ತೆಳು ತುಕ್ಕಿಗೆ ಮಾತ್ರ. ವೆಲ್ಡಿಂಗ್ ಇದ್ದರೆ ಇಲ್ಲೇ ಮುಗಿಸಿ. ವ್ಯಾಕ್ಸ್ ಹಾಕಿದ ಮೇಲೆ ವೆಲ್ಡ್ ಮಾಡಿದರೆ ಒಳಗೇ ಬೆಂಕಿ ಹತ್ತುತ್ತದೆ.

ಆಮೇಲೆ ಕ್ಯಾವಿಟಿ ವ್ಯಾಕ್ಸ್, ಅಂದರೆ ಟೊಳ್ಳು ಭಾಗಗಳ ಒಳಗೆ ಸಿಂಪಡಿಸುವ ತುಕ್ಕು ತಡೆಯುವ ಮೇಣ, ಎರಡು ಸಲ. ಮೊದಲನೆಯದು ತೆಳುವಾದದ್ದು, ಸ್ಪಾಟ್ ವೆಲ್ಡ್ ಮಾಡಿದ ಎರಡು ತಗಡುಗಳ ಸಂದಿಗೆ ಇಳಿಯಲು. ಮರುದಿನ ಸ್ವಲ್ಪ ಮಂದವಾದದ್ದು. ಡಬ್ಬಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಸಲೀಸಾಗಿ ಹರಿಯುತ್ತದೆ, ಒಲೆಯ ಹತ್ತಿರ ಬೇಡ. ಸುತ್ತಲೂ ಸಿಂಪಡಿಸುವ ನಾಜಲ್ ಇರುವ ಒಂದು ಮೀಟರ್ ಪೈಪನ್ನು ಕೊನೆಯವರೆಗೂ ತೂರಿಸಿ, ಸಿಂಪಡಿಸುತ್ತಾ ನಿಧಾನವಾಗಿ ಹಿಂದಕ್ಕೆ ಎಳೆಯಬೇಕು. ನಾನು ಒಂದು ಮೀಟರಿಗೆ 20 ಸೆಕೆಂಡ್ ತೆಗೆದುಕೊಂಡೆ. ಸಂದಿಗಳಿಂದ ವ್ಯಾಕ್ಸ್ ಬೆವರಿನಂತೆ ಜಿನುಗಿದರೆ ಒಳಗೆ ತಲುಪಿದೆ ಎಂದರ್ಥ. ಇಡೀ ಜೀಪಿಗೆ ಸುಮಾರು ಮೂರು ಲೀಟರ್ ಹಿಡಿಯಿತು. ಮರುದಿನ ಪ್ರತಿ ನೀರಿನ ತೂತಿಗೂ ತಂತಿ ಹಾಕಿ ಬಿಡಿಸಿ. ವ್ಯಾಕ್ಸೇ ತೂತನ್ನು ಮುಚ್ಚಿದರೆ ಮಾಡಿದ್ದೆಲ್ಲ ವ್ಯರ್ಥ.

ಹಳೆ ಎಂಜಿನ್ ಆಯಿಲ್ ಹೊಡೆಸುವ ರೂಢಿ ನಮ್ಮಲ್ಲಿದೆ. ಅದರಲ್ಲಿ ಆಮ್ಲದ ಅಂಶ ಇರುತ್ತದೆ, ರಬ್ಬರ್ ಹಾಳಾಗುತ್ತದೆ, ನೆಲವೂ ಕೆಡುತ್ತದೆ. ದಪ್ಪ ಡಾಮರಿನ ಲೇಪವೂ ಬೇಡ. ಬಿರುಕು ಬಿಟ್ಟ ಕಡೆ ನೀರು ಒಳಗೆ ಸೇರಿ ಅದರಡಿಯಲ್ಲೇ ತುಕ್ಕು ಬೆಳೆಯುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಟಾರ್ಪಾಲನ್ನು ಮೈಗೆ ಅಂಟುವಂತೆ ಹೊದಿಸಬೇಡಿ, ಒದ್ದೆಯಾದ ಬಟ್ಟೆಯ ಹುಡ್ ಮಡಚಿ ತಗಡಿನ ಮೇಲೆ ಇಡಬೇಡಿ. ಮಳೆ ಮುಗಿದು ಅಕ್ಟೋಬರ್ ಬಂದಾಗ ನಾನು ಎಂಡೋಸ್ಕೋಪ್ ಕ್ಯಾಮೆರಾ ತೂರಿಸಿ, ಎಡಗಡೆಯ ಟ್ಯಾಂಕ್ ಗುಂಡಿಯಿಂದ ಶುರು ಮಾಡಿ ಒಂದೊಂದೇ ಚಾನೆಲ್ ನೋಡುತ್ತೇನೆ. ವ್ಯಾಕ್ಸ್ ಒಣಗಿ ಬಿರಿದ ಕಡೆಗೆ ಮಾತ್ರ ಮತ್ತೆ ಹೊಡೆಯುತ್ತೇನೆ.