ಅಬ್ರಹಾಮನಿಂದ ಯೋಸೇಫನವರೆಗೆ: ಒಂದೇ ಹಾಳೆಯಲ್ಲಿ ನಾಲ್ಕು ತಲೆಮಾರು

ಆದಿಕಾಂಡದ 12ರಿಂದ 50ನೇ ಅಧ್ಯಾಯದವರೆಗಿನ ಕಥೆಗಳನ್ನು ಸಂಡೇ ಸ್ಕೂಲಿನಲ್ಲೋ ಬೈಬಲ್ ಅಧ್ಯಯನದಲ್ಲೋ ಹೇಳುವವರು ಮೊದಲು ವಂಶವೃಕ್ಷ ಬರೆದುಕೊಳ್ಳುತ್ತಾರೆ. ನಾನು ಅದನ್ನು ಆಮೇಲೆ ಬರೆಯುತ್ತೇನೆ, ಮೊದಲು ಕಾಲಪಟ. ಯಾರಿಗೆ ಯಾರು ಹುಟ್ಟಿದರೆಂದು ವೃಕ್ಷ ಹೇಳುತ್ತದೆ. ಯಾರು ಬದುಕಿದ್ದಾಗ ಏನು ನಡೆಯಿತು ಎಂಬುದು ಪಟದಲ್ಲಷ್ಟೇ ಕಾಣುತ್ತದೆ, ಕಥೆ ಹೇಳುವವರು ಎಡವುವುದೂ ಅಲ್ಲೇ.

ಬೇಕಾಗುವುದು ಎ3 ಅಳತೆಯ ಒಂದು ಮಿಲಿಮೀಟರ್ ಗ್ರಾಫ್ ಹಾಳೆ, ಪೆನ್ಸಿಲ್, ಎರಡು ಬಣ್ಣದ ಪೆನ್ನು. ಹಾಳೆಯನ್ನು ಅಡ್ಡಕ್ಕೆ ಇಟ್ಟರೆ 420 ಮಿ.ಮೀ. ಉದ್ದ ಸಿಗುತ್ತದೆ. ಎಡಗಡೆ 40 ಮಿ.ಮೀ. ಹೆಸರುಗಳಿಗೆ ಬಿಟ್ಟು, ಅಬ್ರಹಾಮ ಹುಟ್ಟಿದ ವರ್ಷವನ್ನು ಸೊನ್ನೆ ಎಂದಿಟ್ಟುಕೊಂಡು, ವರ್ಷಕ್ಕೆ 1 ಮಿ.ಮೀ.ನಂತೆ ಗೆರೆ ಎಳೆಯಬೇಕು. ಯೋಸೇಫ ಸಾಯುವುದು 361ರಲ್ಲಿ, ಹಾಗಾಗಿ ಕೊನೆಗೆ 19 ಮಿ.ಮೀ. ಉಳಿಯುತ್ತದೆ. ಒಬ್ಬೊಬ್ಬರಿಗೆ 15 ಮಿ.ಮೀ. ಎತ್ತರದ ಸಾಲು ಕೊಟ್ಟರೆ 12 ಜನ ಸಲೀಸಾಗಿ ಹಿಡಿಸುತ್ತಾರೆ. ಕ್ರಿಸ್ತಪೂರ್ವ ಇಸವಿಗಳನ್ನು ಪಟದಲ್ಲಿ ಹಾಕಬೇಡಿ. ಆದಿಕಾಂಡ ಕೊಡುವುದು ವಯಸ್ಸನ್ನು, ಇಸವಿಯನ್ನಲ್ಲ. ಒಂದು ಇಸವಿ ಬರೆದ ತಕ್ಷಣ ತರಗತಿಯ ಹೊತ್ತೆಲ್ಲ ಆ ವಾದಕ್ಕೇ ಹೋಗುತ್ತದೆ.

ಮೊದಲ ಗೆರೆಗಳು ಸುಲಭ, ಗ್ರಂಥವೇ ಹೇಳಿಬಿಡುತ್ತದೆ. ಅಬ್ರಹಾಮನಿಗೆ 86 ಆದಾಗ ಇಷ್ಮಾಯೇಲ (16:16, ಅಂದರೆ 16ನೇ ಅಧ್ಯಾಯದ 16ನೇ ವಚನ), 100 ಆದಾಗ ಇಸಾಕ (21:5), 175ಕ್ಕೆ ಸಾವು (25:7). ಸಾರಾ ಗಂಡನಿಗಿಂತ ಹತ್ತು ವರ್ಷ ಚಿಕ್ಕವಳು, ತೀರಿಕೊಂಡಾಗ 127. ಅವಳ ಗೆರೆ 10ರಿಂದ 137. ಇಷ್ಮಾಯೇಲನದು 86ರಿಂದ 223. ಇಸಾಕನ ಮದುವೆ 40ಕ್ಕೆ, ಅವಳಿ ಮಕ್ಕಳು 60ಕ್ಕೆ, ಸಾವು 180ಕ್ಕೆ. ಹಾಗಾಗಿ ಏಸಾವ, ಯಾಕೋಬರ ಗೆರೆಗಳು 160ರಲ್ಲಿ ಶುರುವಾಗುತ್ತವೆ. ಯಾಕೋಬನದು 307ಕ್ಕೆ ಮುಗಿಯುತ್ತದೆ. ಏಸಾವ ಎಷ್ಟು ವರ್ಷ ಬದುಕಿದನೆಂದು ಆದಿಕಾಂಡ ಹೇಳುವುದಿಲ್ಲ. ಅವನ ಗೆರೆಯನ್ನು ತಂದೆಯ ಸಮಾಧಿಯವರೆಗೆ, ಅಂದರೆ 280ರವರೆಗೆ ಎಳೆದು ತುದಿ ತೆರೆದಿಡಿ. ಹೆಂಗಸರಲ್ಲಿ ಆಯುಸ್ಸು ಬರೆದಿಟ್ಟಿರುವುದು ಸಾರಾಳದು ಮಾತ್ರ. ಇಸಾಕನ ಹೆಂಡತಿ ರೆಬೆಕ್ಕ, ಯಾಕೋಬನ ಹೆಂಡತಿಯರಾದ ಲೇಯ, ರಾಹೇಲರಿಗೆ ಚುಕ್ಕೆ ಗೆರೆ ಸಾಕು. ಅಂದಾಜಿನ ಮೇಲೆ ಗಟ್ಟಿ ಗೆರೆ ಎಳೆದರೆ ಮುಂದಿನ ಸಲ ನೀವೇ ಅದನ್ನು ಗ್ರಂಥದ ಮಾತೆಂದು ನಂಬಿಬಿಡುತ್ತೀರಿ.

ಕಷ್ಟ ಬರುವುದು ಯಾಕೋಬನ ನಡುವಯಸ್ಸಿನಲ್ಲಿ. ತಂದೆಯನ್ನು ವಂಚಿಸಿ, ಏಸಾವನಿಗೆ ಸಲ್ಲಬೇಕಾದ ಆಶೀರ್ವಾದ ಪಡೆದು ಓಡಿಹೋದಾಗ ಅವನಿಗೆ ಎಷ್ಟು ವಯಸ್ಸೆಂದು ಎಲ್ಲೂ ಬರೆದಿಲ್ಲ. ಅದನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಐಗುಪ್ತದ (ಈಜಿಪ್ಟಿನ) ದೊರೆ ಫರೋಹನ ಮುಂದೆ ನಿಂತಾಗ ಯಾಕೋಬನಿಗೆ 130 (47:9). ಮಗ ಯೋಸೇಫ ಅಲ್ಲಿ ಅಧಿಕಾರಕ್ಕೆ ಬಂದಾಗ ಅವನಿಗೆ 30 (41:46). ಆಮೇಲೆ ಸುಭಿಕ್ಷದ 7 ವರ್ಷ, ಬರದ 2 ವರ್ಷ (45:6). ಅಲ್ಲಿಗೆ ಯೋಸೇಫನಿಗೆ 39. 130ರಲ್ಲಿ 39 ಕಳೆದರೆ ಅವನು ಹುಟ್ಟಿದಾಗ ಯಾಕೋಬನಿಗೆ 91. ಯೋಸೇಫ ಹುಟ್ಟಿದ ಕೂಡಲೇ ಯಾಕೋಬ ಊರಿಗೆ ಹೊರಡುತ್ತೇನೆಂದು ಮಾವ ಲಾಬಾನನನ್ನು ಕೇಳುತ್ತಾನೆ (30:25). ಹೆಣ್ಣುಗಳಿಗಾಗಿ 14 ವರ್ಷ, ಕುರಿಮಂದೆಗಾಗಿ 6 ವರ್ಷ ದುಡಿದೆನೆಂದು ಮುಂದೆ ಅವನೇ ಹೇಳುತ್ತಾನೆ (31:41). 91ರಲ್ಲಿ 14 ಕಳೆಯಿರಿ: ಮಾವನ ಮನೆ ಸೇರಿದಾಗ 77. ಯೋಸೇಫ ಆ 14 ವರ್ಷದ ಕೊನೆಗೇ ಹುಟ್ಟಿದನೆಂಬ ಊಹೆ ಇದರಲ್ಲಿದೆ, ವರ್ಷ ಎಣಿಸುವಾಗ ಒಂದು ಆಚೀಚೆ ಆಗಲೂಬಹುದು. ಅದಕ್ಕೇ ಈ ಭಾಗವನ್ನು ಪೆನ್ಸಿಲ್‌ನಲ್ಲೇ ಬಿಡುತ್ತೇನೆ.

ಈ 77 ಸಿಕ್ಕಿದ ಮೇಲೆ ಕಥೆಗಳ ಬಣ್ಣವೇ ಬೇರೆಯಾಗುತ್ತದೆ. ಆಶೀರ್ವಾದ ಕದ್ದವನು ಮೀಸೆ ಚಿಗುರುವ ಹುಡುಗನಲ್ಲ. "ಯಾವಾಗ ಸಾಯುತ್ತೇನೋ ತಿಳಿಯದು" ಎಂದು ಬೇಟೆಯ ಅಡುಗೆ ಕೇಳಿದ ಇಸಾಕನಿಗೆ ಆಗ 137. ಅಣ್ಣ ಇಷ್ಮಾಯೇಲ ಸತ್ತದ್ದೂ 137ಕ್ಕೇ. ಇಸಾಕನ ಹೆದರಿಕೆಗೆ ಇದು ಕಾರಣವಿರಬಹುದು. ಆದರೆ ಅವನು ಆಮೇಲೂ 43 ವರ್ಷ ಬದುಕಿದ.

ಎರಡನೆಯ ದೊಡ್ಡ ತೊಡಕು ಅಧ್ಯಾಯಗಳ ಕ್ರಮವನ್ನೇ ಕಾಲಕ್ರಮವೆಂದು ತಿಳಿಯುವುದು. ಆದಿಕಾಂಡ ಒಬ್ಬನ ಕಥೆಯನ್ನು ಸಾವಿನವರೆಗೆ ಮುಗಿಸಿ, ಆಮೇಲೆ ಮಗನ ಕಥೆಗೆ ಹಿಂದಕ್ಕೆ ಬರುತ್ತದೆ. 25ನೇ ಅಧ್ಯಾಯದಲ್ಲಿ ಅಬ್ರಹಾಮನ ಸಾವು 8ನೇ ವಚನದಲ್ಲಿ, ಅವಳಿಗಳ ಜನನ 26ರಲ್ಲಿ. ಪಟ ನೋಡಿದರೆ ಅಜ್ಜ ಸತ್ತಾಗ ಮೊಮ್ಮಕ್ಕಳಿಗೆ 15 ವರ್ಷ. ಇಸಾಕನ ಸಾವು 35ನೇ ಅಧ್ಯಾಯದಲ್ಲಿದೆ, ಯೋಸೇಫನನ್ನು ಅಣ್ಣಂದಿರು ಮಾರಿದ್ದು 37ರಲ್ಲಿ. ಮಾರಿದಾಗ ಯೋಸೇಫನಿಗೆ 17, ಪಟದಲ್ಲಿ 268. ಇಸಾಕ ಸತ್ತದ್ದು 280ರಲ್ಲಿ. ಯೋಸೇಫ ಸತ್ತನೆಂದು ನಂಬಿಸಲು ರಕ್ತ ಮೆತ್ತಿದ ಅವನ ಅಂಗಿ ಮನೆಗೆ ಬಂದ ದಿನ ಮುದುಕ ಇಸಾಕ ಇನ್ನೂ ಇದ್ದ. ಮುಂದೆ 12 ವರ್ಷ ಇದ್ದ. ಅವನು ತೀರಿಕೊಂಡ ಮರುವರ್ಷವೇ ಯೋಸೇಫ ಸೆರೆಮನೆಯಿಂದ ಹೊರಬಂದದ್ದು.

ಇನ್ನೂ ಎರಡು ಕಡೆ ಚಿತ್ರಪುಸ್ತಕಗಳು ದಾರಿ ತಪ್ಪಿಸುತ್ತವೆ. ಇಷ್ಮಾಯೇಲನ ತಾಯಿ ಹಾಗರಳ ತೋಳಲ್ಲಿ ಹಸುಗೂಸನ್ನು ಬರೆದಿರುತ್ತಾರೆ. ಇಸಾಕ ಮೊಲೆ ಬಿಟ್ಟ ಔತಣದ ನಂತರ ಅವಳನ್ನು ಕಳಿಸಿದ್ದರಿಂದ, ಇಷ್ಮಾಯೇಲನಿಗೆ ಆಗ 14 ದಾಟಿತ್ತು. ಇನ್ನೊಂದು, ಯಾಕೋಬ ರಾಹೇಲಳಿಗಾಗಿ 14 ವರ್ಷ ಕಾದನೆಂಬುದು. ಕಾದದ್ದು 7 ವರ್ಷ. ಲೇಯಳ ಮದುವೆಯ ವಾರ ಮುಗಿಯುತ್ತಲೇ ರಾಹೇಲಳನ್ನೂ ಕೊಟ್ಟರು. ಮಿಕ್ಕ 7 ವರ್ಷ ಆದ ಮದುವೆಯ ಸಾಲ ತೀರಿಸಿದ್ದು (29:27–30).

ಆ ಎರಡನೆಯ 7 ವರ್ಷದಲ್ಲಿ ಮಕ್ಕಳನ್ನು ಕೂರಿಸುವುದು ಕಷ್ಟವೇ. ಲೇಯಳೊಬ್ಬಳಿಗೇ ಆರು ಗಂಡು, ಒಬ್ಬಳು ದೀನಾ, ನಡುವೆ ಹೆರಿಗೆ ನಿಂತ ಅಂತರ ಬೇರೆ. ರಾಹೇಲಳ ದಾಸಿ ಬಿಲ್ಹಾಳ ದಾನ್ ಮತ್ತು ನಫ್ತಾಲಿ, ಲೇಯಳ ದಾಸಿ ಜಿಲ್ಪಾಳ ಗಾದ್ ಮತ್ತು ಆಶೇರ್ ಲೇಯಳ ಮಕ್ಕಳ ನಡುನಡುವೆ ಹುಟ್ಟಿದರೆಂದು ಇಟ್ಟುಕೊಂಡರೆ ಮಾತ್ರ ಲೆಕ್ಕ ಕೂಡುತ್ತದೆ. ಒಬ್ಬರಾದ ಮೇಲೆ ಒಬ್ಬರೆಂದು ಸಾಲಾಗಿ ಬರೆದರೆ ವರ್ಷ ಸಾಲುವುದಿಲ್ಲ. ಲೇಯಳ ಮಗ ಯೆಹೂದನ ಸಾಲು ಇನ್ನೂ ಇಕ್ಕಟ್ಟು: ಯೋಸೇಫನ ಮಾರಾಟದಿಂದ ಐಗುಪ್ತಕ್ಕೆ ಹೋಗುವವರೆಗೆ 22 ವರ್ಷ, ಅಷ್ಟರಲ್ಲಿ 38ನೇ ಅಧ್ಯಾಯದ ಸೊಸೆ ತಾಮಾರಳ ಕಥೆಯೆಲ್ಲ ನಡೆದು, ಅವಳಲ್ಲಿ ಯೆಹೂದನಿಗೆ ಹುಟ್ಟಿದ ಪೆರೆಚನಿಗೂ ಇಬ್ಬರು ಗಂಡುಮಕ್ಕಳಾಗಿರಬೇಕು (46:12). ಇಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ.

ಐಗುಪ್ತಕ್ಕೆ ಬಂದ ಯಾಕೋಬನ ಮನೆಯವರು 70 ಎಂಬ 46ನೇ ಅಧ್ಯಾಯದ ಲೆಕ್ಕವನ್ನು ತಾಯಂದಿರ ಪ್ರಕಾರ ಕೂಡಿಸಿ: ಲೇಯ 33, ಜಿಲ್ಪಾ 16, ರಾಹೇಲ 14, ಬಿಲ್ಹಾ 7. ಆದರೆ 26ನೇ ವಚನ 66 ಎನ್ನುತ್ತದೆ. ಕಾನಾನಿನಲ್ಲೇ ಸತ್ತ ಯೆಹೂದನ ಮಕ್ಕಳಾದ ಏರ, ಓನಾನರನ್ನೂ ಐಗುಪ್ತದಲ್ಲೇ ಇದ್ದ ಯೋಸೇಫ, ಮನಸ್ಸೆ, ಎಫ್ರಾಯೀಮರನ್ನೂ ಬಿಟ್ಟರೆ 65. ದೀನಾಳನ್ನು ಸೇರಿಸಿದರೆ 66. ಅದಕ್ಕೆ ಯಾಕೋಬ, ಯೋಸೇಫ, ಅವನ ಇಬ್ಬರು ಮಕ್ಕಳು ಸೇರಿ ಮತ್ತೆ 70. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳಲ್ಲಿ 75 ಎಂದಿರುವುದು ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದ ಲೆಕ್ಕ.

ಈಗ ವಂಶವೃಕ್ಷ. ಕನ್ನಡದಲ್ಲಿ ಹೇಳುವವರಿಗೆ ಇಲ್ಲೊಂದು ವಿಶೇಷ ತೊಂದರೆಯಿದೆ. ನಮ್ಮ ಸಂಬಂಧವಾಚಕಗಳು ಹಿರಿ-ಕಿರಿ ಕೇಳುತ್ತವೆ, ಹೀಬ್ರೂ ಕೇಳುವುದಿಲ್ಲ. ಅಬ್ರಹಾಮನ ಒಡಹುಟ್ಟಿದ ನಾಹೋರ ಇಸಾಕನಿಗೆ ದೊಡ್ಡಪ್ಪನೋ ಚಿಕ್ಕಪ್ಪನೋ? 11:26ರ ಪ್ರಕಾರ ತಂದೆ ತೆರಹನಿಗೆ 70 ಆದ ಮೇಲೆ ಅಬ್ರಾಮ (ಅಬ್ರಹಾಮನ ಮೊದಲ ಹೆಸರು), ನಾಹೋರ, ಹಾರಾನ ಹುಟ್ಟಿದರು. ಆ ಕ್ರಮವೇ ಜನನಕ್ರಮವಾದರೆ ನಾಹೋರ ಚಿಕ್ಕಪ್ಪ. ಆದರೆ ತೆರಹ 205ಕ್ಕೆ ಸತ್ತ, ಅಬ್ರಾಮ ಖಾರಾನ್ ಪಟ್ಟಣ ಬಿಟ್ಟಾಗ ಅವನಿಗೆ 75. ತಂದೆ ಸತ್ತ ಮೇಲೆಯೇ ಹೊರಟನೆಂದು ಅಪೊಸ್ತಲರ ಕೃತ್ಯಗಳು 7:4 ಹೇಳುವುದನ್ನು ಒಪ್ಪಿದರೆ, ಅಬ್ರಾಮ ಹುಟ್ಟಿದಾಗ ತೆರಹನಿಗೆ 130 ಆಗಿರಬೇಕು. ಆಗ ಅಬ್ರಾಮನೇ ಕಿರಿಯ, ನಾಹೋರ ದೊಡ್ಡಪ್ಪ. ಸಮಾರ್ಯರು ಉಳಿಸಿಕೊಂಡ ಆದಿಕಾಂಡದ ಪಠ್ಯದಲ್ಲಿ ತೆರಹನ ಆಯುಸ್ಸು 145 ಎಂದಿದ್ದು, ಅಲ್ಲಿ ಈ ಗೊಂದಲವೇ ಇಲ್ಲ. ನಾನು 'ತಂದೆಯ ಒಡಹುಟ್ಟಿದವನು' ಎಂದು ಬರೆದು ಜಾರಿಕೊಳ್ಳುತ್ತೇನೆ. ಹಾರಾನ ಮನುಷ್ಯ, ಖಾರಾನ್ ಊರು ಎಂಬುದನ್ನೂ ನೆನಪಿಡಿ. ಹೀಬ್ರೂವಿನಲ್ಲಿ ಮೊದಲಕ್ಷರವೇ ಬೇರೆ, ಇಂಗ್ಲಿಷಿನಿಂದ ಬರೆದುಕೊಂಡವರ ಪಟದಲ್ಲಿ ಎರಡೂ ಕಲಸಿಹೋಗುತ್ತವೆ.

'ಆಹ್' ಎಂಬ ಹೀಬ್ರೂ ಪದಕ್ಕೆ ಅಣ್ಣ, ತಮ್ಮ ಮಾತ್ರವಲ್ಲ, ನೆಂಟ ಎಂಬ ಅರ್ಥವೂ ಉಂಟು. ಅಬ್ರಾಮ ಲೋಟನನ್ನು ಹಾಗೆ ಕರೆಯುತ್ತಾನೆ, ಅವನೋ ತಮ್ಮನ ಅಥವಾ ಅಣ್ಣನ ಮಗ. ಯಾಕೋಬ ತಾನು ಲಾಬಾನನ 'ಆಹ್' ಎಂದು ರಾಹೇಲಳಿಗೆ ಹೇಳುತ್ತಾನೆ, ನಿಜಕ್ಕೂ ಅವನು ಸೋದರಳಿಯ.

ಮದುವೆಗಳ ವರಸೆ ಮಾತ್ರ ಕನ್ನಡದ ಕಿವಿಗೆ ಬೇಗ ತಟ್ಟುತ್ತದೆ. ಸೋದರಮಾವನ ಮಕ್ಕಳನ್ನು ಯಾಕೋಬ ಮದುವೆಯಾದ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಹಿರಿಯಳು ಇರುವಾಗ ಕಿರಿಯಳನ್ನು ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂಬ ಲಾಬಾನನ ಮಾತಿಗೂ ತಲೆಯಾಡಿಸುತ್ತಾರೆ. ಆದರೆ ರೆಬೆಕ್ಕಳ ತಂದೆ ಬೆತುವೇಲ ನಾಹೋರನ ಮಗ, ಅಂದರೆ ಇಸಾಕನಿಗೆ ಅಣ್ಣತಮ್ಮನ ವರಸೆ. ರೆಬೆಕ್ಕ ಮಗಳ ವರಸೆ. ನಾಹೋರನ ಹೆಂಡತಿ ಮಿಲ್ಕ ಅವನ ಒಡಹುಟ್ಟಿದ ಹಾರಾನನ ಮಗಳೇ. ಏಸಾವ ಮದುವೆಯಾದ ಮಹಲತ ದೊಡ್ಡಪ್ಪ ಇಷ್ಮಾಯೇಲನ ಮಗಳು, ತಂಗಿಯ ವರಸೆ. ಅಕ್ಕನ ಮಗಳನ್ನು ತರುವ ಮನೆಗಳಲ್ಲೂ ಅಣ್ಣನ ಮಗಳನ್ನು ತರುವುದಿಲ್ಲವಾದ್ದರಿಂದ ಇಲ್ಲಿ ಪ್ರಶ್ನೆ ಬಂದೇ ಬರುತ್ತದೆ. ಆ ಮನೆತನಕ್ಕೆ ತಂದೆಯ ಬಳಗದೊಳಗೇ ಹೆಣ್ಣು ತರುವುದು ಮುಖ್ಯ, ವರಸೆಯ ಲೆಕ್ಕ ನಮ್ಮದು ಎಂದು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ಏಸಾವನ ಹೆಂಡತಿಯರ ಹೆಸರುಗಳು 26, 28ನೇ ಅಧ್ಯಾಯಗಳಲ್ಲಿ ಒಂದು ಬಗೆ, 36ರಲ್ಲಿ ಇನ್ನೊಂದು ಬಗೆ. ಇಷ್ಮಾಯೇಲನ ಮಗಳು ಅಲ್ಲಿ ಮಹಲತ, ಇಲ್ಲಿ ಬಾಸೆಮತ. ಎರಡೂ ಪಟ್ಟಿ ಪಕ್ಕಪಕ್ಕದಲ್ಲಿ ಬರೆಯಿರಿ, ಹೊಂದಿಸಲು ಹೋಗಬೇಡಿ.

ಪಟದ ಬಲಗಡೆ ಉಳಿದ 19 ಮಿ.ಮೀ.ನಲ್ಲಿ ಯೋಸೇಫನ ಗೆರೆಯ ತುದಿಗೆ ಒಂದು ಬಾಣ. ಅವನ ಶವ ಐಗುಪ್ತದ ಪೆಟ್ಟಿಗೆಯಲ್ಲೇ ಉಳಿಯಿತು; ಎಲುಬುಗಳು ಶೆಕೆಮಿಗೆ ಬಂದು ಮಣ್ಣಾದದ್ದು ಯೆಹೋಶುವನ ಕಾಲಕ್ಕೆ (ಯೆಹೋಶುವ 24:32). ಅಲ್ಲಿಗೆ ಗೆರೆ ಎಳೆಯಲು ಇನ್ನೊಂದು ಹಾಳೆಯೇ ಬೇಕು, ಹಾಗಾಗಿ ಬಾಣದ ಮುಂದೆ 'ಶೆಕೆಮ್' ಎಂದಷ್ಟೇ ಬರೆಯುತ್ತೇನೆ.