ಟಿಕ್ ಚಾರ್ಟಾ, ಐದು ನಿಮಿಷದ ಚಾರ್ಟಾ? ಚಿಕ್ಕಮಗಳೂರಿನಲ್ಲಿ ಕೂತು ಇಂಟ್ರಾಡೇ ಮಾಡುವವನ ಅನುಭವ

ನಾನು ನಿಫ್ಟಿ ಫ್ಯೂಚರ್ಸ್‌ನಲ್ಲಿ (ನಿಫ್ಟಿ ಷೇರು ಸೂಚ್ಯಂಕದ ಮೇಲೆ ಮುಂದಿನ ತಾರೀಕಿಗೆ ಮಾಡಿಕೊಳ್ಳುವ ಒಪ್ಪಂದಗಳಲ್ಲಿ) ಇಂಟ್ರಾಡೇ ಮಾಡುತ್ತೇನೆ, ಅಂದರೆ ವ್ಯಾಪಾರವನ್ನು ಅದೇ ದಿನ ಮುಗಿಸಿಬಿಡುತ್ತೇನೆ. ಕೊಳ್ಳಬೇಕೋ ಮಾರಬೇಕೋ ಸುಮ್ಮನಿರಬೇಕೋ ಎಂದು ತೀರ್ಮಾನಿಸುವುದು ಐದು ನಿಮಿಷದ ಚಾರ್ಟ್ ನೋಡಿ. ಪಕ್ಕದಲ್ಲಿ ಇನ್ನೊಂದು ಚಾರ್ಟ್ ಇಟ್ಟಿರುತ್ತೇನೆ. ಮೊದಲು ಅದು ಟಿಕ್ ಚಾರ್ಟ್ ಆಗಿತ್ತು, ಈಗ ವಾಲ್ಯೂಮ್ ಚಾರ್ಟ್. ಟಿಕ್ ಚಾರ್ಟಿನ ಹಿಂದಿರುವ ಯೋಚನೆ ನನಗೆ ಇವತ್ತಿಗೂ ಇಷ್ಟ. ಬದಲಾಯಿಸಿದ್ದಕ್ಕೆ ಕಾರಣ ನಮ್ಮಂಥವರ ಮನೆಗೆ ಬರುವ ಡೇಟಾ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಲೆನಾಡಿನವರಿಗೆ ಈ ಮೂರು ಚಾರ್ಟುಗಳ ವ್ಯತ್ಯಾಸ ಕಾಫಿ ಕೊಯ್ಲಿನಿಂದಲೇ ತಿಳಿಯುತ್ತದೆ. ಹಣ್ಣು ಕೊಯ್ಯುವವರಿಗೆ ದಿನಗೂಲಿ ಕೊಟ್ಟರೆ ಗಿಡದಲ್ಲಿ ಹಣ್ಣು ಎಷ್ಟಿತ್ತು ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಗಂಟೆ ಓಡಿದರೆ ಸಾಕು. ಟೈಮ್ ಚಾರ್ಟ್ ಹಾಗೆ: ವ್ಯಾಪಾರ ನಡೆಯಲಿ ಬಿಡಲಿ, ಐದು ನಿಮಿಷಕ್ಕೆ ಒಂದು ಕ್ಯಾಂಡಲ್ (ಅಷ್ಟರಲ್ಲಿ ಬೆಲೆ ಏರಿಳಿದದ್ದನ್ನು ತೋರಿಸುವ ಕಂಬ). ಬುಟ್ಟಿ ಎಣಿಸಿ ಕೊಟ್ಟರೆ ಅದು ಟಿಕ್ ಚಾರ್ಟ್: ಇಂತಿಷ್ಟು ಟ್ರೇಡ್ ಆದ ಕೂಡಲೇ ಒಂದು ಕ್ಯಾಂಡಲ್ ಮುಗಿಯಿತು, ಬುಟ್ಟಿ ತುಂಬಿತ್ತೋ ಅರ್ಧವೇ ಇತ್ತೋ ಕೇಳುವಂತಿಲ್ಲ. ಒಂದು ಲಾಟಿನ ಟ್ರೇಡೂ ಒಂದೇ, ನೂರು ಲಾಟಿನ ಟ್ರೇಡೂ ಒಂದೇ (ಲಾಟ್ ಅಂದರೆ ಒಮ್ಮೆಗೆ ಕೊಳ್ಳಬಹುದಾದ, ಮಾರಬಹುದಾದ ಕನಿಷ್ಠ ಪ್ರಮಾಣ). ತೂಕ ಹಾಕಿ ಕೆ.ಜಿ. ಲೆಕ್ಕದಲ್ಲಿ ಕೊಟ್ಟರೆ ಅದು ವಾಲ್ಯೂಮ್ ಚಾರ್ಟ್.

ನಮ್ಮ ಮಾರುಕಟ್ಟೆ ಬೆಳಿಗ್ಗೆ 9:15ರಿಂದ ಮಧ್ಯಾಹ್ನ 3:30ರವರೆಗೆ, ಅಂದರೆ 375 ನಿಮಿಷ. ಐದು ನಿಮಿಷದ ಚಾರ್ಟಿನಲ್ಲಿ ದಿನಕ್ಕೆ 75 ಕ್ಯಾಂಡಲ್. ಆದರೆ ಎಲ್ಲ ಕ್ಯಾಂಡಲ್ಲಿಗೂ ಒಂದೇ ಬೆಲೆ ಇಲ್ಲ. ಮೊದಲ ಅರ್ಧ ಗಂಟೆಯಲ್ಲಿ ಹಿಂದಿನ ರಾತ್ರಿಯ ಅಮೆರಿಕದ ಸುದ್ದಿಯೆಲ್ಲ ಬೆಲೆಗೆ ಇಳಿಯುತ್ತದೆ. ಹನ್ನೆರಡರ ಹೊತ್ತಿಗೆ ಎಲ್ಲ ತಣ್ಣಗಾಗಿ ಚಿಕ್ಕ ಚಿಕ್ಕ ಕ್ಯಾಂಡಲ್‌ಗಳು ಅಕ್ಕಪಕ್ಕ ಕೂತಿರುತ್ತವೆ. ಲಂಡನ್ ತೆರೆದ ಮೇಲೆ, ಬೇಸಿಗೆಯಲ್ಲಿ ನಮ್ಮ 12:30ಕ್ಕೆ, ಚಳಿಗಾಲದಲ್ಲಿ 1:30ಕ್ಕೆ, ಮತ್ತೆ ಚುರುಕಾಗುವುದು ಉಂಟು. ಐದು ನಿಮಿಷದ ಚಾರ್ಟಿನಲ್ಲಿ ಮಧ್ಯಾಹ್ನದ ಆ ನಿದ್ದೆಯ ಹೊತ್ತೂ ಬೆಳಗಿನಷ್ಟೇ ಜಾಗ ತಿನ್ನುತ್ತದೆ. ಅಲ್ಲಿ ಹುಟ್ಟುವ, ಬೆಲೆ ಹಿಂದಿನ ಮಿತಿಯನ್ನು ದಾಟಿದಂತೆ ತೋರುವ ಬ್ರೇಕ್‌ಔಟ್‌ಗಳು ಬಹುಪಾಲು ಸುಳ್ಳು.

ಚಟುವಟಿಕೆ ಎಣಿಸುವ ಚಾರ್ಟಿನ ನಿಜವಾದ ಬಲ ನನಗೆ ಕಂಡದ್ದು ರಿಸರ್ವ್ ಬ್ಯಾಂಕ್ ರೆಪೊ ದರ ಪ್ರಕಟಿಸುವ ದಿನಗಳಲ್ಲಿ. ಗವರ್ನರ್ ಬೆಳಿಗ್ಗೆ 10ಕ್ಕೆ ಮಾತು ಶುರುಮಾಡುತ್ತಾರೆ. ಐದು ನಿಮಿಷದ ಚಾರ್ಟಿನಲ್ಲಿ 10ರಿಂದ 10:05ರವರೆಗೆ ಒಂದೇ ಕ್ಯಾಂಡಲ್. ಮೇಲೂ ಉದ್ದದ ಬಾಲ, ಕೆಳಗೂ ಉದ್ದದ ಬಾಲ, ನಡುವೆ ಸಣ್ಣ ಮೈ. ಬೆಲೆ ಮೊದಲು ಮೇಲೆ ಹೋಯಿತೋ ಕೆಳಗೋ? ಕೆಳಗೆ ಹೋದಾಗ ಕೊಳ್ಳುವವರು ಬಂದರೋ, ಮಾರುವವರು ಸುಸ್ತಾದರೋ? ಆ ಕ್ಯಾಂಡಲ್ ಏನನ್ನೂ ಹೇಳುವುದಿಲ್ಲ. ಅದೇ ಐದು ನಿಮಿಷ ವಾಲ್ಯೂಮ್ ಚಾರ್ಟಿನಲ್ಲಿ ಹತ್ತಾರು ಕ್ಯಾಂಡಲ್ ಆಗಿ ಬಿಚ್ಚಿಕೊಳ್ಳುತ್ತದೆ. ಮೊದಲು ಏರಿತು, ಏರಿದಲ್ಲೇ ಮೂರು ನಾಲ್ಕು ಕ್ಯಾಂಡಲ್ ಒದ್ದಾಡಿತು, ಆಮೇಲೆ ಕುಸಿಯಿತು, ಕುಸಿದ ಮೇಲೆ ಹೊಸ ತಳ ಮಾಡಲಿಲ್ಲ. ಸ್ಟಾಪ್‌ಲಾಸ್ (ನಷ್ಟ ಬೆಳೆಯದಂತೆ ಹೊರಬರುವ ಬೆಲೆ) ಎಲ್ಲಿಡಬೇಕೆಂದು ಈ ಅನುಕ್ರಮ ಹೇಳುತ್ತದೆ.

ಹಾಗಾದರೆ ಟಿಕ್ ಚಾರ್ಟೇ ಸಾಕಲ್ಲ ಎಂದು ಕೇಳಬಹುದು. ಇಲ್ಲೇ ಡೇಟಾದ ಮಾತು ಬರುವುದು. ಪ್ರತಿ ಆರ್ಡರ್, ಪ್ರತಿ ಟ್ರೇಡನ್ನೂ ಬಿಡದೆ ಕೊಡುವ ಟಿಕ್-ಬೈ-ಟಿಕ್ ಫೀಡ್ (ಡೇಟಾ ಹರಿವು) ಎನ್‌ಎಸ್‌ಇಯಲ್ಲಿ, ಅಂದರೆ ನಿಫ್ಟಿ ವ್ಯಾಪಾರ ನಡೆಯುವ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ, ಇದೆ. ಅದು ಎಕ್ಸ್‌ಚೇಂಜಿನ ಆವರಣದಲ್ಲೇ ಸರ್ವರ್ ಇಟ್ಟುಕೊಂಡ ಕೊಲೊಕೇಶನ್ ಸದಸ್ಯರಿಗೆ. ನಮ್ಮ ಬ್ರೋಕರ್ ಆ್ಯಪಿಗೆ ಬರುವುದು ಸ್ನ್ಯಾಪ್‌ಶಾಟ್: ಸೆಕೆಂಡಿಗೆ ಒಂದೋ ಕೆಲವೋ ಸಲ ಮಾರುಕಟ್ಟೆಯ ಫೋಟೊ ತೆಗೆದು ಕಳಿಸಿದಂತೆ. ಎರಡು ಫೋಟೊಗಳ ನಡುವೆ ಎಷ್ಟು ಟ್ರೇಡ್ ನಡೆದರೂ ನಮ್ಮ ಸಾಫ್ಟ್‌ವೇರ್ ಅದನ್ನು ಒಂದೇ ಟಿಕ್ ಎಂದು ಎಣಿಸುತ್ತದೆ.

ಇದನ್ನು ಕಣ್ಣಾರೆ ತೋರಿಸಿದವನು ಹಾಸನದಲ್ಲಿ ಎಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ. ದಸರಾ ರಜೆಗೆ ಬಂದಿದ್ದಾಗ ಬ್ರೋಕರ್ ಫೀಡನ್ನು ಬಂದಂತೆ ಬಂದಂತೆ ಒಂದು ಫೈಲಿಗೆ ಇಳಿಸುವ ಪುಟ್ಟ ಪ್ರೋಗ್ರಾಮ್ ಬರೆದ. ಪ್ರತಿ ಸಾಲಿನಲ್ಲಿ ಸಮಯ, ಕೊನೆಯ ಬೆಲೆ, ಕೊನೆಯ ಟ್ರೇಡಿನ ಪ್ರಮಾಣ, ದಿನದ ಒಟ್ಟು ವಾಲ್ಯೂಮ್. ಬೆಳಿಗ್ಗೆ ಮಾರುಕಟ್ಟೆ ಬಿರುಸಾಗಿದ್ದಾಗಿನ ಒಂದು ಸಾಲಿಗೆ ಬೆರಳಿಟ್ಟ. ಕೊನೆಯ ಟ್ರೇಡ್ 75, ಅಂದರೆ ಆಗಿನ ಒಂದು ಲಾಟ್. ಆದರೆ ದಿನದ ಒಟ್ಟು ವಾಲ್ಯೂಮ್ ಹಿಂದಿನ ಸಾಲಿಗಿಂತ 4,800 ಹೆಚ್ಚು.

‘ಮಾವ, 64 ಲಾಟ್ ಕೈ ಬದಲಾಗಿದೆ, ನಿಮ್ಮ ಟಿಕ್ ಚಾರ್ಟಿಗೆ ಕಂಡಿದ್ದು ಒಂದೇ. ಉಳಿದ ಟ್ರೇಡೆಲ್ಲ ಎಲ್ಲಿ ಹೋದ್ವು?’ ಎಂದ.

ಆಮೇಲೆ ಇಬ್ಬರೂ ಕೂತು ಟಿಕ್ ಕ್ಯಾಂಡಲ್‌ಗಳು ಮುಗಿಯುವ ಹೊತ್ತು ನೋಡಿದೆವು. ನಿಜವಾದ ಟಿಕ್ ಚಾರ್ಟ್ ಆಗಿದ್ದರೆ 9:20ಕ್ಕೆ ಕ್ಯಾಂಡಲ್‌ಗಳು ಪಟಪಟನೆ ಮುಗಿಯಬೇಕು, 12:40ಕ್ಕೆ ಎಳೆದಾಡಬೇಕು. ನಿಫ್ಟಿ ಫ್ಯೂಚರ್ಸ್‌ನಲ್ಲಿ ಎರಡೂ ಹೊತ್ತಿನಲ್ಲಿ ಹೆಚ್ಚುಕಡಿಮೆ ಒಂದೇ ವೇಗ! ಫೋಟೊ ಬರುವ ವೇಗಕ್ಕೆ ಮಿತಿ ಇರುವಾಗ ಬೆಳಗಿನ ಬಿರುಸು ಆ ಮಿತಿಗೆ ತಾಗಿ ನಿಲ್ಲುತ್ತದೆ. ಅಂದರೆ ಟಿಕ್ ಚಾರ್ಟ್ ಎಂಬ ಹೆಸರಿನಲ್ಲಿ ನನ್ನೆದುರು ಇದ್ದದ್ದು ಇನ್ನೊಂದು ಟೈಮ್ ಚಾರ್ಟ್. ನೀವೂ ನಿಮ್ಮ ಫೀಡನ್ನು ಹೀಗೇ ಪರೀಕ್ಷಿಸಬಹುದು, ಗಡಿಯಾರ ಸಾಕು, ಪ್ರೋಗ್ರಾಮ್ ಬೇಕಿಲ್ಲ.

ಆ ಫೈಲಿನಲ್ಲಿ ಇನ್ನೂ ಒಂದು ಮಾತಿತ್ತು. ಟ್ರೇಡುಗಳ ಎಣಿಕೆ ಕಳೆದುಹೋದರೂ ವಾಲ್ಯೂಮ್ ಕಳೆದುಹೋಗುವುದಿಲ್ಲ, ಏಕೆಂದರೆ ಪ್ರತಿ ಫೋಟೊದಲ್ಲೂ ದಿನದ ಒಟ್ಟು ಮೊತ್ತ ಇರುತ್ತದೆ. ಒಂದು ಫೋಟೊ ತಪ್ಪಿದರೆ ಮುಂದಿನದ್ದರಲ್ಲಿ ಲೆಕ್ಕ ಸರಿಹೋಗುತ್ತದೆ. ಹಾಗಾಗಿ ಸಾಮಾನ್ಯ ಬ್ರೋಕರ್ ಫೀಡಿನಲ್ಲಿ ಚಟುವಟಿಕೆ ಅಳೆಯಬೇಕಾದರೆ ವಾಲ್ಯೂಮ್ ಚಾರ್ಟೇ ನಂಬಿಕೆಯದ್ದು. ಶಿಕಾಗೊದ ಸಿಎಂಇ ಎಂಬ ಎಕ್ಸ್‌ಚೇಂಜಿನಲ್ಲಿ ಇ-ಮಿನಿ ಫ್ಯೂಚರ್ಸ್ (ಅಮೆರಿಕದ ಸೂಚ್ಯಂಕಗಳ ಚಿಕ್ಕ ಗಾತ್ರದ ಫ್ಯೂಚರ್ಸ್) ಆಡುವವರಿಗೆ ದುಡ್ಡು ಕೊಟ್ಟರೆ ಪ್ರತಿ ಟ್ರೇಡೂ ಬರುವ ಫೀಡ್ ಸಿಗುತ್ತದೆ. ಅವರು 2000 ಟಿಕ್ ಚಾರ್ಟ್ (2000 ಟ್ರೇಡಿಗೆ ಒಂದು ಕ್ಯಾಂಡಲ್) ಹೊಗಳಿ ಬರೆದರೆ ಅದು ಅವರಿಗೆ ನಿಜ. ಅದೇ ಸಂಖ್ಯೆಯನ್ನು ತಂದು ನಿಫ್ಟಿಗೆ ಹಚ್ಚಿದರೆ ಅರ್ಥವಿಲ್ಲ. 144, 233 ಎಂದು ಫಿಬೊನಾಚಿ ಸಂಖ್ಯೆ (ಹಿಂದಿನೆರಡನ್ನು ಕೂಡಿದರೆ ಮುಂದಿನದು ಬರುವ ಸರಣಿಯವು) ಹಾಕಿಕೊಳ್ಳುವುದರಲ್ಲೂ ನನಗೆ ಹುರುಳು ಕಂಡಿಲ್ಲ.

ವಾಲ್ಯೂಮ್ ಚಾರ್ಟಿಗೆ ಸಂಖ್ಯೆ ಇಡುವುದು ಸುಲಭ. ಈಚಿನ ಕೆಲವು ವಾರಗಳ ಸರಾಸರಿ ದಿನದ ವಾಲ್ಯೂಮನ್ನು 75ರಿಂದ, ಅಂದರೆ ಐದು ನಿಮಿಷದ ಚಾರ್ಟಿನ ದಿನದ ಕ್ಯಾಂಡಲ್ ಎಣಿಕೆಯಿಂದ, ಭಾಗಿಸುತ್ತೇನೆ. ಆಗ ಸಾಧಾರಣ ದಿನದಲ್ಲಿ ಎರಡೂ ಚಾರ್ಟಿನಲ್ಲಿ ಸರಿಸುಮಾರು ಅಷ್ಟೇ ಕ್ಯಾಂಡಲ್ ಬರುತ್ತವೆ, ಹೋಲಿಸಲು ಅನುಕೂಲ. ಮಂಗಳವಾರದ ತಿಂಗಳ ಎಕ್ಸ್‌ಪೈರಿ (ಕಾಂಟ್ರಾಕ್ಟ್ ಮುಗಿಯುವ ದಿನ) ಹತ್ತಿರ ಬಂದಾಗ ವ್ಯಾಪಾರ ಮುಂದಿನ ತಿಂಗಳ ಕಾಂಟ್ರಾಕ್ಟಿಗೆ ಹರಿಯುತ್ತದೆ, ಆಗ ಸಂಖ್ಯೆಯನ್ನು ಹೊಸದಾಗಿ ಹಾಕಬೇಕು. ಇದೆಲ್ಲ ಫ್ಯೂಚರ್ಸ್ ಚಾರ್ಟಿಗೆ ಮಾತ್ರ. ನಿಫ್ಟಿ ಸೂಚ್ಯಂಕವನ್ನು ಯಾರೂ ಕೊಂಡು ಮಾರುವುದಿಲ್ಲ, ಅದು 50 ಷೇರುಗಳಿಂದ ಲೆಕ್ಕಹಾಕಿದ ಅಂಕಿ. ಅದರ ಮೇಲೆ ಟಿಕ್ ಎಣಿಸಿದರೆ ಟ್ರೇಡ್ ಎಣಿಸಿದಂತಾಗುವುದಿಲ್ಲ.

ಇಷ್ಟಾದರೂ ಐದು ನಿಮಿಷದ ಚಾರ್ಟನ್ನೇ ಮುಂದಿಟ್ಟುಕೊಂಡಿದ್ದೇನೆ ಏಕೆ? ಮೊದಲ ಕಾರಣ, ದೇಶದ ತುಂಬ ಜನ ಅದನ್ನೇ ನೋಡುತ್ತಾರೆ. 9:30ರ ಕ್ಯಾಂಡಲ್ ಮುಗಿಯುವಾಗ ಬೆಲೆ ಬೆಳಗಿನ ಗರಿಷ್ಠದ ಮೇಲಿದ್ದರೆ ಅದು ನನ್ನೊಬ್ಬನಿಗೆ ಕಾಣುವುದಿಲ್ಲ, ಅವರೆಲ್ಲರಿಗೂ ಕಾಣುತ್ತದೆ, ಆರ್ಡರುಗಳು ಅಲ್ಲಿ ಬರುತ್ತವೆ. ನಾನು ಹಾಕಿಕೊಂಡ ವಾಲ್ಯೂಮ್ ಸಂಖ್ಯೆ ಇನ್ನೊಬ್ಬರ ಬಳಿ ಇರುವುದಿಲ್ಲ.

ಎರಡನೆಯದು ನಮ್ಮೂರಿನ ಮಳೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮರ ಬಿದ್ದು ಕರೆಂಟು ಹೋಗುವುದು, ಅದರ ಹಿಂದೆಯೇ ನೆಟ್ ಹೋಗುವುದು ಮಾಮೂಲು. ನಮ್ಮ ಮನೆ ಪೇಟೆಯ ಅಂಚಿನಲ್ಲಿದ್ದರೂ ಇದು ತಪ್ಪಿದ್ದಲ್ಲ. ಇನ್ವರ್ಟರ್ ಹಾಕಿ, ಫೋನಿನ ಹಾಟ್‌ಸ್ಪಾಟ್ ಹಿಡಿದು ಮತ್ತೆ ಒಳಬಂದಾಗ ಟೈಮ್ ಚಾರ್ಟ್ ತಪ್ಪಿದ ಕ್ಯಾಂಡಲ್‌ಗಳನ್ನು ಬ್ರೋಕರ್ ಸರ್ವರಿನಿಂದ ತುಂಬಿಸಿಕೊಳ್ಳುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲೇ ಕಟ್ಟಿಕೊಳ್ಳುತ್ತಿದ್ದ ಟಿಕ್ ಚಾರ್ಟಿನಲ್ಲಿ ಆ ಹೊತ್ತು ಇರುವುದೇ ಇಲ್ಲ. ಅಲ್ಲಿಂದ ಮುಂದಿನ ಪ್ರತಿ ಕ್ಯಾಂಡಲ್ಲೂ ಬೇರೆಯೇ ಜಾಗದಿಂದ ಶುರುವಾಗುತ್ತದೆ, ಮೂವಿಂಗ್ ಆವರೇಜ್ (ಹಿಂದಿನ ಕೆಲವು ಕ್ಯಾಂಡಲ್ಲುಗಳ ಸರಾಸರಿ ಬೆಲೆ) ಬದಲಾಗುತ್ತದೆ. ಮಳೆಗಾಲದಲ್ಲಿ ಟ್ರೇಡ್ ಮಾಡುವವರು ಇನ್ನೊಂದು ಮಾಡಲೇಬೇಕು: ಸ್ಟಾಪ್‌ಲಾಸ್ ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಎಂಟ್ರಿಯ ಜೊತೆಗೇ ಆರ್ಡರ್ ಆಗಿ ಎಕ್ಸ್‌ಚೇಂಜಿಗೆ ಹಾಕಿಬಿಡುವುದು.

ಮೂರನೆಯದು ಖರ್ಚು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ವೇಗದ ಚಾರ್ಟ್ ಹೆಚ್ಚು ಸಿಗ್ನಲ್ ಕೊಡುತ್ತದೆ, ಪ್ರತಿ ಸಿಗ್ನಲ್ಲಿಗೂ ದುಡ್ಡು ಹೋಗುತ್ತದೆ. ಫ್ಯೂಚರ್ಸ್ ಮಾರಾಟದ ಮೇಲಿನ ಎಸ್‌ಟಿಟಿ (ಷೇರುಪೇಟೆ ವ್ಯವಹಾರ ತೆರಿಗೆ) 2024ರ ಅಕ್ಟೋಬರ್ 1ರಂದು ಶೇ 0.0125ರಿಂದ ಶೇ 0.02ಕ್ಕೆ ಏರಿತು. 18 ಲಕ್ಷ ರೂಪಾಯಿಯ ಒಂದು ಕಾಂಟ್ರಾಕ್ಟಿಗೆ ಆ ದರದಲ್ಲಿ 360 ರೂಪಾಯಿ ಆಗುತ್ತಿತ್ತು. ಬ್ರೋಕರೇಜ್, ಜಿಎಸ್‌ಟಿ, ಸ್ಟ್ಯಾಂಪ್ ಡ್ಯೂಟಿ ಬೇರೆ. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಮಾಡಿದ ಸಾಮಾನ್ಯ ಜನರಲ್ಲಿ ಶೇ 93 ಮಂದಿ ನಷ್ಟ ಕಂಡರು. ಇದನ್ನು ಓದಿದ ಮೇಲೂ ಈ ಕೆಲಸ ಮಾಡುವವರು ಟ್ರೇಡ್ ಎಣಿಕೆ ಕಡಿಮೆ ಇಟ್ಟುಕೊಳ್ಳಬೇಕು. ಐದು ನಿಮಿಷದ ಕ್ಯಾಂಡಲ್ ಮುಗಿಯುವವರೆಗೆ ಕೈ ಕಟ್ಟಿ ಕೂರುವ ಶಿಸ್ತು ನನ್ನ ಎಷ್ಟೋ ಟ್ರೇಡುಗಳನ್ನು ತಡೆದಿದೆ.

ಈಗ ನನ್ನ ಕ್ರಮ ಹೀಗೆ: ಮೊದಲ ಹದಿನೈದು ನಿಮಿಷ ಏನೂ ಮಾಡುವುದಿಲ್ಲ. ದಿಕ್ಕು, ಹಿಂದಿನ ದಿನದ ಗರಿಷ್ಠ-ಕನಿಷ್ಠ, ಎಕ್ಸ್‌ಚೇಂಜ್ ಕಳಿಸುವ ಸರಾಸರಿ ಬೆಲೆ, ಇವೆಲ್ಲ ಐದು ನಿಮಿಷದ ಚಾರ್ಟಿನಲ್ಲಿ. ಅಲ್ಲಿ ಕಾರಣ ಸಿಕ್ಕ ಮೇಲೆ ಮಾತ್ರ ವಾಲ್ಯೂಮ್ ಚಾರ್ಟಿಗೆ ಕಣ್ಣು ಹಾಯಿಸಿ ಎಂಟ್ರಿ, ಸ್ಟಾಪ್‌ಲಾಸ್ ಎರಡನ್ನೂ ಹುಡುಕುತ್ತೇನೆ. ವಾಲ್ಯೂಮ್ ಚಾರ್ಟ್ ತಾನಾಗಿ ತೋರಿಸುವ ಸಿಗ್ನಲ್ ತೆಗೆದುಕೊಳ್ಳುವುದಿಲ್ಲ. ಮಧ್ಯಾಹ್ನ ವಾಲ್ಯೂಮ್ ಕ್ಯಾಂಡಲ್ ಒಂದು ಹತ್ತು ಹದಿನೈದು ನಿಮಿಷ ಎಳೆದರೆ ಸ್ಕ್ರೀನ್ ಬಿಟ್ಟು ತೋಟಕ್ಕೆ ಹೋಗುತ್ತೇನೆ.

ಆಪ್ಷನ್ (ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು) ಕೊಳ್ಳುವವರು ಪ್ರೀಮಿಯಂ (ಆ ಹಕ್ಕಿನ ಬೆಲೆ) ಮೇಲೆ ಈ ಚಾರ್ಟ್ ಹಾಕಬಹುದೇ ಎಂದು ಕೇಳುತ್ತಿರುತ್ತಾರೆ. ಸದ್ಯದ ಬೆಲೆಗೆ ಹತ್ತಿರದ ಸ್ಟ್ರೈಕಿನಲ್ಲಿ (ಸ್ಟ್ರೈಕ್ ಅಂದರೆ ಆ ನಿಗದಿತ ಬೆಲೆ) ಹಾಕಬಹುದು. ದೂರದ ಸ್ಟ್ರೈಕುಗಳಲ್ಲಿ ಬಿಡ್-ಆಸ್ಕ್ (ಕೊಳ್ಳುವವರು ಹೇಳುವ ಬೆಲೆ, ಮಾರುವವರು ಕೇಳುವ ಬೆಲೆ) ನಡುವಿನ ಅಂತರದಲ್ಲೇ ಬೆಲೆ ಅತ್ತಿತ್ತ ಹಾರುತ್ತದೆ, ಅದು ಚಲನೆಯಂತೆ ಕಾಣುತ್ತದೆ. ಅಂಥ ಕಡೆ ನಾನು ಫ್ಯೂಚರ್ಸ್ ಚಾರ್ಟ್ ನೋಡಿ ಆಪ್ಷನ್ ಕೊಳ್ಳುತ್ತೇನೆ, ಪ್ರೀಮಿಯಂ ಚಾರ್ಟ್ ತೆರೆಯುವುದಿಲ್ಲ.